ಬೆರಕೆ ಸೊಪ್ಪಿನಲ್ಲಿ ಒಂದು ಎಲೆ

ಭಾನುವಾರ ಬೆಳಿಗ್ಗೆ ನನ್ನ ಫೋನಿಗೆ ಬಂದ ಚಿತ್ರದಲ್ಲಿ ಒಂದೇ ಒಂದು ಎಲೆ ಇತ್ತು. ಅಡುಗೆಮನೆಯ ಕಪ್ಪು ಕಲ್ಲಿನ ಮೇಲೆ, ತೊಳೆದ ನೀರು ಇನ್ನೂ ಆರಿರಲಿಲ್ಲ. ಅದರ ಕೆಳಗೆ ಕೆಂಪು ಪಟ್ಟಿಯಲ್ಲಿ, ಇದು ಮಾರಕ ವಿಷ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕಳಿಸಿದವರು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮಹಿಳೆ. ಅಲ್ಲಿನ ಮನೆಗಳಿಂದ ಸೊಪ್ಪಿನ ಆರ್ಡರು ಸೇರಿಸಿ ನಮಗೆ ತಿಳಿಸುತ್ತಿದ್ದವರು ಅವರೇ. ಗಿಡ ಗುರುತಿಸುವ ಆ್ಯಪಿಗೆ ಎಲೆಯನ್ನು ತೋರಿಸಿದ್ದರು. ಆ್ಯಪ್ ಅದಕ್ಕೆ ಯುರೋಪಿನ ಒಂದು ವಿಷಗಿಡದ ಹೆಸರು ಕೊಟ್ಟಿತ್ತು. ಜೊತೆಗೊಂದು ಸಂದೇಶ: ಯಾರೂ ಬೇಯಿಸಬೇಡಿ ಎಂದು ಎಲ್ಲ ಮನೆಗಳಿಗೂ ಹೇಳಿದ್ದೇನೆ, ನಿಮ್ಮಿಂದ ಸ್ಪಷ್ಟನೆ ಬರುವವರೆಗೆ ಸೊಪ್ಪು ಬೇಡ.

ಆ ಸೊಪ್ಪು ಶನಿವಾರ ಹೋಗಿದ್ದು ಸ್ಕಂದಗಿರಿಯ ಬುಡದಲ್ಲಿ, ಕಳವಾರದ ಕಡೆಯ ಒಂದು ಹಳ್ಳಿಯ ಹೆಂಗಸರ ಗುಂಪಿನಿಂದ. ಮಳೆ ಬಿದ್ದ ಮೇಲೆ ಹೊಲದಲ್ಲಿ, ಬದುವಿನಲ್ಲಿ ತಾನಾಗಿ ಏಳುವ ಅಣ್ಣೆ, ಹೊನಗೊನ್ನೆ, ಗೋಣಿ, ಕೊಮ್ಮೆ, ಕೀರೆ, ಗಣಿಕೆ, ಇವುಗಳ ಕುಡಿ ಚಿವುಟಿ ತಂದು ಒಟ್ಟಿಗೆ ಸೇರಿಸಿದರೆ ಬೆರಕೆ ಸೊಪ್ಪು. ಶನಿವಾರ, ಭಾನುವಾರ ಬೆಟ್ಟ ಹತ್ತಲು ಬರುವವರು ಒಂದೆರಡು ಕಟ್ಟು ಕೊಂಡರೆ ಕೊಂಡರು, ಇಲ್ಲವಾದರೆ ಇಲ್ಲ. ಗುಂಪು ನಂಬಿಕೊಂಡಿದ್ದು ವಾರಕ್ಕೆರಡು ಸಲದ ಆ ಅಪಾರ್ಟ್‌ಮೆಂಟಿನ ಆರ್ಡರನ್ನು. ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಸಸ್ಯಶಾಸ್ತ್ರ ಓದಿದವಳೆಂದು, ಗುಂಪು ಮಾರುವ ಪ್ರತಿ ಸೊಪ್ಪಿಗೂ ಫೋಟೊ ತೆಗೆದು, ಆನ್‌ಲೈನ್ ಸಾಧನಗಳಿಂದ ಹೆಸರು ಖಚಿತಪಡಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಕೆಲಸ ಅರ್ಧವೂ ಮುಗಿದಿರಲಿಲ್ಲ.

ಸೋಮವಾರ ಸ್ಕೂಟರಿನಲ್ಲಿ ಹಳ್ಳಿಗೆ ಹೋದಾಗ ಗುಂಪಿನ ಅಧ್ಯಕ್ಷೆಯ ಮನೆಯ ಜಗುಲಿಯಲ್ಲಿ ಎಲ್ಲರೂ ಸೇರಿದ್ದರು. ಅಧ್ಯಕ್ಷೆಗೆ ಐವತ್ತರ ಹತ್ತಿರದ ವಯಸ್ಸು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಚಿತ್ರವನ್ನು ದೂರ ಹಿಡಿದು ನೋಡಿ, ಫೋನನ್ನು ನನಗೆ ವಾಪಸು ಕೊಟ್ಟರು.

"ಗಣಿಕೆ ಎಲೆ. ನಿಮ್ ಫೋನು ಇದನ್ನ ತಿಂದು ನೋಡೈತೇನಮ್ಮ, ಇಲ್ಲ ಬರೀ ಮುಖ ನೋಡಿ ಇಸ ಅಂದ್‌ಬಿಡ್ತಾ?"

"ಮುಖ ನೋಡೇ ಹೇಳೋದಾದ್ರೆ ನಮ್ ಯಜಮಾನ್ರನ್ನ ಒಂದ್ಸಲ ತೋರ್ಸನ ಕಣೇ," ಎಂದರು ಮೂಲೆಯಲ್ಲಿದ್ದ ಒಬ್ಬರು. ಎಲ್ಲರೂ ನಕ್ಕರು.

ನಗದಿದ್ದವಳು ಅಕ್ಕನ ಸೊಸೆ. ಡಿಗ್ರಿ ಮುಗಿಸಿದ್ದಳು. ಆರ್ಡರುಗಳನ್ನು ಬರೆದುಕೊಳ್ಳುವುದು, ಮನೆಮನೆಯ ನಂಬರು ಇಟ್ಟುಕೊಳ್ಳುವುದು ಅವಳ ಪಾಲು. "ನಗ್ತೀರಲ್ಲ, ಎರಡ್ಸಲ ಸೊಪ್ಪು ಹೋಗ್ಲಿಲ್ಲ ಅಂದ್ರೆ ವ್ಯಾನ್‌ನೋರು ನಂದಿ ಕಡೆ ತರಕಾರಿಗೆ ಒಪ್ಕೊಂಡ್‌ಬಿಡ್ತಾರೆ. ಆಮೇಲೆ ಆರ್ಡರ್ ಬಂದ್ರೂ ತಗೊಂಡೋಗೋರು ಯಾರು?" ಎಂದಳು.

ಅಲ್ಲಿಗೆ ನಗು ನಿಂತಿತು. ಫೋಟೊಗೆ ಹಿನ್ನೆಲೆಯಾಗಿ ಹಾಸುವ ಬಿಳಿ ಬಟ್ಟೆಯನ್ನು ನಾನು ಚೀಲದಿಂದ ತೆಗೆದೆ.

ಗಿಡ ಗುರುತಿಸುವ ಆ್ಯಪ್ ಸುಳ್ಳು ಹೇಳುತ್ತದೆ ಎನ್ನುವುದು ಸರಿಯಲ್ಲ. ಅದು ಕಂಡದ್ದನ್ನು ತಾನು ಹಿಂದೆ ಕಂಡ ಲಕ್ಷಾಂತರ ಚಿತ್ರಗಳಿಗೆ ಹೋಲಿಸುತ್ತದೆ, ಹೆಚ್ಚು ಹೋಲುವುದನ್ನು ಮೇಲೆ ಇಡುತ್ತದೆ. ಕೇಳುವವರು ಏನು ತೋರಿಸುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಆ ಮಹಿಳೆ ತೋರಿಸಿದ್ದು ಕೊಂಬೆಯಿಂದ ಕಳಚಿದ, ಟ್ಯೂಬ್‌ಲೈಟಿನಲ್ಲಿ ಹೊಳೆಯುವ ಒದ್ದೆ ಎಲೆ. ಯಾವ ಊರಿನದೆಂಬ ಮಾಹಿತಿಯನ್ನು ಫೋನು ಕೊಟ್ಟಿರಲಿಲ್ಲ. ಹಾಗಾಗಿ ಆ್ಯಪ್ ಇಡೀ ಭೂಮಿಯಲ್ಲಿ ಹುಡುಕಿ, ತನ್ನ ಬಳಿ ಹೆಚ್ಚು ಚಿತ್ರಗಳಿದ್ದ ಗಿಡವನ್ನು ಆರಿಸಿತ್ತು.

ನಾನು ಬುಡದಿಂದ ಶುರುಮಾಡಿದೆ. ಹೊಲದಲ್ಲಿ ನಿಂತಿರುವ ಗಿಡ ಪೂರ್ತಿಯಾಗಿ, ಎಲೆಯ ಮೇಲ್ಭಾಗ, ಕೆಳಭಾಗ, ಎಲೆ ಕಾಂಡಕ್ಕೆ ಕೂಡುವ ಜಾಗ, ಮತ್ತೆ ಚಿಕ್ಕ ಮಸೂರ ಸಿಕ್ಕಿಸಿ ಕಾಂಡದ ರೋಮ. ಸ್ಥಳದ ಮಾಹಿತಿ ಆನ್ ಮಾಡಿ ಕೇಳಿದಾಗ ಯುರೋಪಿನ ಗಿಡ ಪಟ್ಟಿಯಿಂದಲೇ ಹೋಯಿತು. ಗಣಿಕೆ ಮೇಲೆ ಬಂತು. ಆದರೆ ಆ್ಯಪಿನ ಒಂದು ಉತ್ತರವನ್ನು ಅದೇ ಆ್ಯಪಿನ ಇನ್ನೊಂದು ಉತ್ತರದಿಂದ ಅಳಿಸಿದರೆ ಆ ಮಹಿಳೆ ಒಪ್ಪಬೇಕಾದ ಕಾರಣವಿರಲಿಲ್ಲ. ಮನುಷ್ಯರು ನೋಡಿ ಖಚಿತಪಡಿಸುವ ಆನ್‌ಲೈನ್ ವೇದಿಕೆಗೆ ಎಲ್ಲ ಚಿತ್ರಗಳನ್ನೂ ಹಾಕಿದೆ.

ಸಂಜೆಯೊಳಗೆ ಉತ್ತರ ಬಂತು. ಬದನೆ, ಟೊಮ್ಯಾಟೊ ಸೇರಿದ ಕುಟುಂಬ ಎಂಬಲ್ಲಿಗೆ ಮಾತ್ರ ಒಪ್ಪಿದ್ದರು. ಅದರಾಚೆಗೆ ಹೇಳಲಾಗದು, ಬರೀ ಎಳೆ ಕುಡಿ ಇದೆ, ಹೂ ಕಾಯಿ ತೋರಿಸಿ ಎಂದು ಒಬ್ಬರು ಬರೆದಿದ್ದರು. ಆ ಕುಟುಂಬದಲ್ಲಿ ತಿನ್ನುವುದೂ ಇದೆ, ಕೊಲ್ಲುವುದೂ ಇದೆ. ಅವರು ಹೇಳಿದ್ದು ಸರಿ.

ತೊಡಕು ಅಲ್ಲೇ ಇತ್ತು. ಇವರ ಹೊಲಗಳಲ್ಲಿ ಗಣಿಕೆ ಹೂ ಬಿಡುವುದೇ ಇಲ್ಲ, ಬಿಡಲು ಇವರು ಬಿಡುವುದಿಲ್ಲ. ನಾಲ್ಕೆಲೆ ಬಂದಾಗಲೇ ಕುಡಿ ಚಿವುಟುತ್ತಾರೆ. ಮತ್ತೆ ಒಡೆದರೆ ಮತ್ತೆ ಚಿವುಟುತ್ತಾರೆ. ಹೂ ಬಿಟ್ಟ ಗಿಡ ಎಲ್ಲಾದರೂ ಇದೆಯೇ ಎಂದು ಮಂಗಳವಾರ ಬೆಳಿಗ್ಗೆ ಕೇಳಿದೆ.

"ಹೂ ಬಿಡೋಗಂಟ ಸೊಪ್ಪು ಬಿಟ್ರೆ ಊರೋರು ಏನಂದಾರು? ಈ ಮನೇಲಿ ಹೆಣ್‌ಮಕ್ಳೇ ಇಲ್ವಾ ಅಂತಾರೆ," ಎಂದರು ಅಕ್ಕ.

ಊರು ಸುತ್ತಿ ಕೊನೆಗೆ ಹಾಲಿನ ಡೈರಿಯ ಹಿಂಗೋಡೆಯ ಹತ್ತಿರ ಸಿಕ್ಕಿತು. ಕ್ಯಾನು ತೊಳೆದ ನೀರು ನಿಲ್ಲುವ ಕೊಳಕು ಜಾಗ, ಅಲ್ಲಿ ಯಾರೂ ಸೊಪ್ಪು ಚಿವುಟುವುದಿಲ್ಲ. ಸೊಂಟದೆತ್ತರ ಬೆಳೆದ ಗಣಿಕೆ, ನಕ್ಷತ್ರದಂಥ ಪುಟ್ಟ ಬಿಳಿ ಹೂ, ನಡುವೆ ಹಳದಿ, ಗೊಂಚಲಲ್ಲಿ ಹಸಿರು ಕಾಯಿ, ಕಪ್ಪು ಹಣ್ಣು. ಕೆಸರಲ್ಲಿ ಕೂತು ಪ್ರತಿ ಭಾಗವನ್ನೂ ತೆಗೆದೆ. ಮಧ್ಯಾಹ್ನದೊಳಗೆ ವೇದಿಕೆಯಲ್ಲಿ ಇಬ್ಬರು ಗಣಿಕೆ ಎಂದು ಒಪ್ಪಿದರು. ಮೊದಲು ಒಪ್ಪದಿದ್ದವರೂ ಅವರಲ್ಲೊಬ್ಬರು.

ಆ ಮಹಿಳೆಗೆ ಸಂದೇಶ ಕಳಿಸಿದೆ: ನೀವು ಕಳಿಸಿದ ಚಿತ್ರದಲ್ಲಿರುವುದು ಗಣಿಕೆ ಸೊಪ್ಪು, ಬೇಯಿಸಿ ತಿನ್ನುವ ಸೊಪ್ಪು, ವಿವರವಾದ ವರದಿ ನಾಳೆ. ಅವರು ವಂದನೆ ತಿಳಿಸಿದರು. ಎಲ್ಲ ಮನೆಗಳಿಗೂ ತಿಳಿಸುವೆನೆಂದರು. ಬುಧವಾರದ ಆರ್ಡರು ಮತ್ತೆ ಶುರುವಾಯಿತು. ಮೂಲ ಫೋಟೊಗಳಿದ್ದರೆ ಕಳಿಸಿ, ವರದಿಯಲ್ಲಿ ಹೋಲಿಕೆಗೆ ಹಾಕುತ್ತೇನೆ ಎಂದು ಕೇಳಿಕೊಂಡೆ.

ಬುಧವಾರ ಬೆಳಕು ಹರಿಯುವಾಗ ನಾನು ಮತ್ತೆ ಅಲ್ಲಿದ್ದೆ. ಚಿವುಟುವುದನ್ನು, ಬೆರೆಸುವುದನ್ನು ವರದಿಗಾಗಿ ಚಿತ್ರ ತೆಗೆಯಬೇಕಿತ್ತು. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ, ವ್ಯಾನೂ ಬೇಗ ಬರುತ್ತದೆ. ಹಾಗಾಗಿ ಮಬ್ಬಿನಲ್ಲೇ ಹೊಲಕ್ಕೆ ಇಳಿಯುತ್ತಾರೆ. ಸೆರಗನ್ನು ಮಡಿಲಾಗಿ ಕಟ್ಟಿ, ಎರಡೂ ಕೈಯಲ್ಲಿ ಚಿವುಟಿ ತುಂಬುತ್ತಾರೆ. ಎಲ್ಲರೂ ವಾಪಸು ಬಂದು ಅಕ್ಕನ ಮನೆಯ ಮುಂದೆ ಹಾಸಿದ ಒದ್ದೆ ಗೋಣಿತಾಟಿನ ಮೇಲೆ ಮಡಿಲು ಸುರಿದರೆ, ಅಕ್ಕ ಕೂತು ಎರಡು ಕೈಯಿಂದ ಮೇಲಕ್ಕೆತ್ತಿ ಎತ್ತಿ ಬೆರೆಸುತ್ತಾರೆ. ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ನೋಡಿ ಸರಿಮಾಡುವುದು ಅವರೊಬ್ಬರೇ. ಒಬ್ಬರ ಮಡಿಲನ್ನು ಇನ್ನೊಬ್ಬರು ಹೆಕ್ಕಿ ನೋಡುವುದಿಲ್ಲ. ಬಡಿಸಿದವರ ಎದುರಿಗೇ ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ ಅದು.

ಒಬ್ಬೊಬ್ಬರೇ ಬರುತ್ತಿದ್ದ ಹೊತ್ತಿಗೆ ಫೋಟೊಗಳು ಬಂದವು. ಒಂದಲ್ಲ, ಮೂರು. ಮೊದಲೆರಡು ಅದೇ ಗಣಿಕೆ ಎಲೆ. ಮೂರನೆಯದು ಜರಡಿಯಲ್ಲಿ ಹರಡಿದ ಇಡೀ ಕಟ್ಟು. ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ, ಕೀರೆಯ ಕೆಳಗಿಂದ ಮುಕ್ಕಾಲು ಕಾಣುತ್ತಿದ್ದ ಒಂದು ಎಲೆಯ ಮೇಲೆ ಬೆರಳು ನಿಂತಿತು. ಗಣಿಕೆಗಿಂತ ಸ್ವಲ್ಪ ದೊಡ್ಡದು. ಗಣಿಕೆಯ ಎಲೆ ತೊಟ್ಟಿನ ಕಡೆಗೆ ಎರಡೂ ಬದಿಯಿಂದ ಸಮನಾಗಿ ಸಪೂರವಾಗುತ್ತದೆ. ಇದರಲ್ಲಿ ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ ಮುಗಿದಿತ್ತು. ಅಷ್ಟನ್ನೇ ಕತ್ತರಿಸಿ ಆ್ಯಪಿಗೆ ಕೊಟ್ಟೆ. ಚಿತ್ರ ಮಸುಕಾಗಿದೆ ಎಂದಿತು. ಮತ್ತೆ ಕೊಟ್ಟೆ. ಎರಡನೆಯ ಸಾಧ್ಯತೆಯಾಗಿ ಉಮ್ಮತ್ತಿ, ಅಂದರೆ ದತ್ತೂರ, ಎಂದು ತೋರಿಸಿತು.

ಉಮ್ಮತ್ತಿಯ ಬೀಜ ತಿಂದವರಿಗೆ ಹುಚ್ಚು ಹಿಡಿಯುತ್ತದೆಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಎಲೆಯೂ ವಿಷವೇ.

ಆ್ಯಪ್ ತಪ್ಪಿರಲಿ ಎಂದು ಆ ಕ್ಷಣ ನನಗೆ ಅನ್ನಿಸಿತು. ಅನ್ನಿಸುವುದರಿಂದ ಎಲೆ ಬದಲಾಗುವುದಿಲ್ಲ. ಗೋಣಿತಾಟಿನ ಮುಂದೆ ನಿಂತು, "ಅಕ್ಕ, ಇವತ್ತು ಯಾರೂ ಒಟ್ಟಿಗೆ ಸುರೀಬೇಡಿ. ಒಬ್ಬೊಬ್ಬರ ಮಡಿಲೂ ಬೇರೆ ಬೇರೆ ಈ ಬಿಳಿ ಬಟ್ಟೆ ಮೇಲೆ ಹಾಕಿ. ನಾನು ನೋಡ್ಬೇಕು," ಎಂದೆ.

ವಯಸ್ಸಾದ ಒಬ್ಬರು, "ಇದೇಮ್ ಕರ್ಮಮೋ," ಎಂದು ತೆಲುಗಿನಲ್ಲಿ ಗೊಣಗಿ ಮಡಿಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ನಿನ್ನೆ ನಮ್ ಸೊಪ್ಪು ಸರಿ ಅಂತ ನೀವೇ ಹೇಳಿದ್ರಲ್ಲಮ್ಮ," ಎಂದರು ಅಕ್ಕ. "ಇವತ್ತು ಕಳ್ಳಿ ಮಡ್ಲು ತಡಕಿದಂಗೆ ತಡಕ್ತೀನಿ ಅಂತೀರಾ?"

"ನಿನ್ನೆ ಒಂದು ಎಲೆ ಸರಿ ಅಂದೆ. ಕಟ್ಟಿನಲ್ಲಿ ಇನ್ನೊಂದು ಎಲೆ ಕಾಣ್ತಿದೆ."

ಅಕ್ಕ ಮುಂದೆ ಬಂದರು. "ಸರಿ, ನನ್ನಿಂದಾನೇ ಶುರು ಮಾಡು," ಎಂದು ತಮ್ಮ ಮಡಿಲನ್ನು ಬಟ್ಟೆಯ ಮೇಲೆ ಸುರಿದರು. ಉಳಿದವರ ಬಾಯಿ ಮುಚ್ಚಿಸಲೆಂದೇ ಹಾಗೆ ಮಾಡಿದ್ದು ಎಂಬುದು ಸ್ಪಷ್ಟವಿತ್ತು.

ನಾನು ಕುಡಿಗಳನ್ನು ಸಾಲಾಗಿ ಇಡುತ್ತಾ ಹೋದೆ. ಗಣಿಕೆಯ ರಾಶಿಯಲ್ಲಿ, ಒಂದಾದ ಮೇಲೆ ಒಂದು, ಎರಡು ಕುಡಿಗಳು ಬೇರೆಯಾಗಿದ್ದವು. ಒಂದರ ಎಲೆ ಹಿಸುಕಿ ಮೂಸಿದೆ. ಗಣಿಕೆಗಿಲ್ಲದ ದಟ್ಟ ನಾತ. ಫೋಟೊ ತೆಗೆದೆ. ಈ ಸಲ ಚಿತ್ರ ಸ್ಪಷ್ಟವಿತ್ತು. ಉಮ್ಮತ್ತಿ ಮೊದಲ ಸಾಲಿನಲ್ಲೇ ಬಂತು. ಸೊಸೆ ನನ್ನ ಭುಜದ ಮೇಲಿಂದ ಓದಿ ಹಿಂದೆ ಸರಿದಳು.

"ಏನಂತೆ?" ಎಂದರು ಅಕ್ಕ.

ಹೇಳಿದೆ.

"ಅದು ಎಳೇ ಗಣಿಕೆ ಕಣಮ್ಮ. ಮೊನ್ನೆಯಿಂದ ನೀನೇ ಹೇಳಿಲ್ವಾ, ಈ ಫೋನು ಮುಖ ನೋಡಿ ಏನೇನೋ ಅಂತದೆ, ಎಳೇ ಕುಡಿ ನೋಡಿದ್ರೆ ಅದಕ್ಕೆ ತಿಳಿಯಲ್ಲ ಅಂತ? ಗಣಿಕೇನ ಇಸ ಅಂದಾಗ ಸುಳ್ಳು. ಈಗ ನನ್ ಮಡ್ಲಾಗೆ ಇಸ ಅಂದ್ರೆ ನಿಜಾನಾ?"

ಎರಡು ದಿನದಿಂದ ನಾನು ಅವರಿಗೆ ಕಲಿಸಿದ್ದೇ ಆ ಮಾತು. ವಾಸನೆ ಎಂದರೆ ಇನ್ನೊಬ್ಬರು ಮೂಸಿ ಮಣ್ಣಿನ ವಾಸನೆ ಎಂದರು. ವೇದಿಕೆಗೆ ಹಾಕಿದರೆ ಮತ್ತೆ ಸಂಜೆಯವರೆಗೆ ಕಾಯಬೇಕು, ಮತ್ತೆ ಹೂ ಕೇಳುತ್ತಾರೆ. ವ್ಯಾನು ಬರುವ ಹೊತ್ತಾಗಿತ್ತು.

"ಹಾಗಾದ್ರೆ ಫೋನು ಬೇಡ," ಎಂದೆ. "ನೀವು ಚಿವುಟಿದ ಜಾಗ ತೋರಿಸಿ. ಅಲ್ಲಿ ಬಲಿತ ಗಿಡ ಏನಿದೆಯೋ ಅದನ್ನ ನೀವೇ ನೋಡಿ ಹೇಳಿ."

ಅಕ್ಕ ತಕ್ಷಣ ಏಳಲಿಲ್ಲ. ಸೊಸೆ, "ಹೋಗಣ ಬನ್ನಿ ಅತ್ತೆ," ಎಂದಾಗ ಎದ್ದರು.

ಜಾಗ ಅವರ ಹೊಲವಾಗಿರಲಿಲ್ಲ. ಊರಾಚೆಯ ದ್ರಾಕ್ಷಿ ತೋಟವೊಂದರ ಅಂಚು, ಗೊಬ್ಬರ ರಾಶಿ ಹಾಕಿದ್ದ ಕಡೆ. ಆರ್ಡರು ಹೆಚ್ಚಾದ ಮೇಲೆ ಊರಿನ ಹೊಲಗಳಲ್ಲಿ ಗಣಿಕೆ ಸಾಲುತ್ತಿರಲಿಲ್ಲ. ತೋಟದ ಕೆಲಸದವರು ಬರುವ ಮೊದಲೇ ಅಕ್ಕ ಒಬ್ಬರೇ ಇಲ್ಲಿಗೆ ಬಂದು ಮಡಿಲು ತುಂಬಿಕೊಳ್ಳುತ್ತಿದ್ದರು. ಈ ಜಾಗ ಯಾರಿಗೂ ಹೇಳಿರಲಿಲ್ಲ, ಸೊಸೆಗೂ. ಗೊಬ್ಬರದ ಸುತ್ತ ಗಣಿಕೆ ದಟ್ಟವಾಗಿ, ಮೆತ್ತಗೆ ಎದ್ದಿತ್ತು. ಅದರೊಳಗೇ ಅಷ್ಟೇ ಎತ್ತರದ, ಅದೇ ಹಸಿರಿನ ಬೇರೆ ಮೊಳಕೆಗಳೂ ಇದ್ದವು. ಮಬ್ಬು ಬೆಳಕಿನಲ್ಲಿ ಎರಡು ಕೈಯಲ್ಲಿ ಚಿವುಟಿದರೆ ನನಗೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಗೊಬ್ಬರ ರಾಶಿಯ ಹಿಂಬದಿಗೆ, ನಾವು ಸುತ್ತಿ ಹೋದ ಮೇಲೆ ಕಂಡಿತು: ಎದೆಮಟ್ಟ ಬೆಳೆದ ಉಮ್ಮತ್ತಿ. ಉದ್ದನೆಯ ಬಿಳಿ ಹೂ ಒಂದು ರಾತ್ರಿ ಅರಳಿ, ಬಾಡಿ ಜೋತುಬಿದ್ದಿತ್ತು. ಮುಳ್ಳಿನ ಕಾಯಿಗಳು ಒಡೆದು ಬೀಜ ಕೆಳಗೆ ಚೆಲ್ಲಿತ್ತು.

ಅಕ್ಕ ಅದರ ಹತ್ತಿರ ಹೋದರು. ಆಮೇಲೆ ಬಗ್ಗಿ, ಬುಡದ ಹತ್ತಿರದ ಒಂದು ಮೊಳಕೆ ಕಿತ್ತು, ಪಕ್ಕದ ಗಣಿಕೆಯ ಕುಡಿಯನ್ನೂ ಕಿತ್ತು, ಎರಡನ್ನೂ ಒಂದೇ ಅಂಗೈಯಲ್ಲಿ ಇಟ್ಟುಕೊಂಡರು. "ಈ ಕಡೆ ಬಂದೇ ಇಲ್ಲ ನಾನು," ಎಂದರು. "ಅತ್ಲಾಗಿಂದ ಬಂದು ಅತ್ಲಾಗೇ ಹೋಗ್ತಿದ್ದೆ."

ವಾಪಸು ಬಂದಾಗ ವ್ಯಾನು ನಿಂತಿತ್ತು. ಅಕ್ಕ ತಮ್ಮ ಮಡಿಲಿನ ಸೊಪ್ಪನ್ನೆಲ್ಲ ಎತ್ತಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು, ದನ ಬಾಯಿ ಹಾಕದಿರಲೆಂದು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಮಿಕ್ಕೋರ ಮಡ್ಲೆಲ್ಲ ನೀನು ನೋಡು, ಚೆನ್ನಾಗಿರೋದನ್ನ ಕಳ್ಸಣ. ಗಣಿಕೆ ಬಗ್ಗೆ ನೀನು ವರದೀಲಿ ಬರೆಯೋದು ನಿಜಾನೇ ತಾನೇ? ಅದನ್ನ ಕೊಡು. ಇನ್ಮುಂದೆ ನಾನು ಆ ತೋಟದ ಕಡೆ ತಲೆ ಹಾಕಲ್ಲ. ಮೊನ್ನೆಯದು ಹೋಯ್ತು, ಯಾರಿಗೂ ಏನೂ ಆಗ್ಲಿಲ್ವಲ್ಲ ತಾಯಿ. ಈಗ ಉಮ್ಮತ್ತಿ ಅಂತ ಬಾಯ್ಬಿಟ್ರೆ ಈ ಸೊಪ್ಪನ್ನ ಇನ್ಯಾರಾದ್ರೂ ಮುಟ್ತಾರಾ? ಇವರೆಲ್ಲ ನನ್ನ ನಂಬ್ಕೊಂಡು ಬಂದೋರು."

ವರದಿಯಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ. ಆ ಮಹಿಳೆ ಕೇಳಿದ ಎಲೆಗೆ ನಾನು ಉತ್ತರ ಕೊಟ್ಟಿದ್ದೆ. ಒಂದು ಗಳಿಗೆ ಆ ವಾದ ನನಗೂ ಸಾಕೆನ್ನಿಸಿತು. ಆಮೇಲೆ, ಯಾರಿಗೂ ಏನೂ ಆಗಲಿಲ್ಲ ಎಂಬ ಮಾತಿನ ಬಳಿಗೇ ಯೋಚನೆ ಹಿಂದಿರುಗಿತು.

"ಅಕ್ಕ, ಏನೂ ಆಗದೇ ಇದ್ದಿದ್ದು ಅವರು ಬೇಯಿಸದೆ ಫ್ರಿಜ್ಜಲ್ಲಿ ಇಟ್ಟಿದ್ರು, ಅದಕ್ಕೆ. ನಿನ್ನೆ ಮಧ್ಯಾಹ್ನ ತಿನ್ನಿ ಅಂತ ಹೇಳಿದ್ದು ನಾನು. ಮೊನ್ನೆಯ ಸೊಪ್ಪು ಇವತ್ತು ಬೇಯುತ್ತೆ."

ನಾನು ಉತ್ತರಕ್ಕೆ ಕಾಯಲಿಲ್ಲ. ಆ ಮಹಿಳೆಗೆ ಫೋನು ಮಾಡಿದೆ, ಎತ್ತಲಿಲ್ಲ. ಸಂದೇಶ ಹಾಕಿದೆ: ಶನಿವಾರದ ಸೊಪ್ಪಿನಲ್ಲಿ ಉಮ್ಮತ್ತಿ ಎಲೆ ಸೇರಿದೆ, ಯಾರೂ ತಿನ್ನಬಾರದು, ತಿಂದವರಿಗೆ ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಗಲಿಬಿಲಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ನಿನ್ನೆಯ ನನ್ನ ಸಂದೇಶವನ್ನು ಹಿಂತೆಗೆದುಕೊಂಡಿದ್ದೇನೆ. ನೋಡಿದ ಗುರುತು ಬೀಳಲಿಲ್ಲ. ಆಫೀಸಿನಲ್ಲಿರಬಹುದು, ದಾರಿಯಲ್ಲಿರಬಹುದು.

"ಮನೆಗಳ ನಂಬರ್ ನನ್ನತ್ರ ಇದಾವೆ," ಎಂದಳು ಸೊಸೆ. ವ್ಯಾನಿನವರಿಗೆ ಕೈ ಬೀಸಿ, "ಇವತ್ತು ಹೋಗಿ ಅಣ್ಣ, ಲೋಡಿಲ್ಲ," ಎಂದು ಕೂಗಿ ಹೇಳಿದಳು. ವ್ಯಾನು ಹೊರಟಿತು. ಅದನ್ನು ಯಾರೂ ತಡೆಯಲಿಲ್ಲ.

ಅವಳೊಂದು ಫೋನಿನಲ್ಲಿ, ನಾನೊಂದರಲ್ಲಿ ಕರೆ ಮಾಡುತ್ತಾ ಹೋದೆವು. ಕೆಲವರು ಭಾನುವಾರವೇ ಎಸೆದಿದ್ದರು. ಕೆಲವರು ಬೈದರು. ಒಬ್ಬರು, ಅಂದರೆ ಆ್ಯಪ್ ಹೇಳಿದ್ದು ಸರಿಯೇ ಅಲ್ಲವೇ ಎಂದು ಕೇಳಿದರು. ಆ್ಯಪ್ ವಿಷ ಎಂದ ಎಲೆ ಬೇರೆ, ಆದರೆ ಎಸೆದದ್ದು ಒಳ್ಳೆಯದಾಯಿತು ಎಂದೆ. ಕೊನೆಗೆ ಉಳಿದ ಮನೆಯ ಫೋನು ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ವಯಸ್ಸಾದ ಗಂಡಸಿನ ದನಿ ಬಂತು. ಸ್ಪೀಕರಿನಲ್ಲಿತ್ತು.

"ಸೊಪ್ಪಾ? ಬಿಡಿಸ್ತಾ ಕೂತಿದೀನಿ ಕಣಮ್ಮ. ಬೇಳೆ ಬೆಂದಿದೆ. ನಿನ್ನೆ ಸರಿ ಅಂತ ಮೆಸೇಜು ಬಂತಲ್ಲ?"

ಸೊಸೆ ಬಾಯಿ ತೆರೆಯುವ ಮೊದಲೇ ಅಕ್ಕ ಫೋನು ತೆಗೆದುಕೊಂಡರು. "ಬಿಡಿಸಬ್ಯಾಡಿ ಸ್ವಾಮಿ, ಕೈ ತೊಳ್ಕಳಿ. ಒಂದೆಲೇನೂ ಬೇಳೆಗೆ ಹಾಕ್ಬೇಡಿ. ಅದ್ರಾಗೆ ಉಮ್ಮತ್ತಿ ಸೇರ್ಕೊಂಡೈತೆ. ಹಸೂಗೂ ಹಾಕ್ಬೇಡಿ."

"ಉಮ್ಮತ್ತೀನಾ? ಯಾರು ಹೇಳಿದ್ದು? ನೀವು ಯಾರಮ್ಮ ಮಾತಾಡ್ತಿರೋದು?"

"ಅದನ್ನ ಚಿವುಟಿದೋಳು," ಎಂದರು ಅಕ್ಕ.

ಆ ಕಡೆ ಪಾತ್ರೆ ಸರಿಸಿದ ಸದ್ದು ಕೇಳಿಸಿತು. "ಸರಿ," ಎಂದರು ಅವರು. "ಬರೀ ಬೇಳೆ ಸಾರೇ ಮಾಡ್ತೀನಿ."

ಗೋಣಿತಾಟಿನ ಸುತ್ತ ಕೂತಿದ್ದ ಹೆಂಗಸರೆಲ್ಲ ಅದನ್ನು ಕೇಳಿಸಿಕೊಂಡಿದ್ದರು. ಬೆಳಿಗ್ಗೆ ಗೊಣಗಿದ ವಯಸ್ಸಾದವರು ತಾವಾಗಿಯೇ ತಮ್ಮ ಮಡಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು, "ನೋಡಮ್ಮ," ಎಂದರು.

ಅಂದು ಸಂಜೆ ವರದಿ ಬರೆದೆ. ಕೆಂಪು ಪಟ್ಟಿ ಬಿದ್ದ ಎಲೆ ಗಣಿಕೆ, ಅದಕ್ಕೆ ಆಧಾರಗಳು ಇವು. ಅದೇ ಕಟ್ಟಿನ ಮತ್ತೊಂದು ಎಲೆ ಉಮ್ಮತ್ತಿ, ಅದಕ್ಕೆ ಆಧಾರಗಳು ಇವು. ಎಳೆ ಕುಡಿಯ ಚಿತ್ರದಿಂದ ಮಾತ್ರ ಯಾವುದನ್ನೂ ಖಚಿತ ಎನ್ನಬಾರದು. ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಿದೆ. "ನನ್ ಮಡ್ಲು ಅಂತ್ಲೇ ಬರಿ," ಎಂದರು. ಬರೆಯಲಿಲ್ಲ. ಗೊಬ್ಬರ ರಾಶಿಯ ಜಾಗ ಬರೆದೆ. ವರದಿಗೆ ಬೇಕಿದ್ದುದು ಅದು.

ಅಪಾರ್ಟ್‌ಮೆಂಟಿನ ಆರ್ಡರು ನಿಂತಿತು. ವ್ಯಾನಿನವರು ಸೊಸೆ ಹೇಳಿದಂತೆಯೇ ನಂದಿ ಕಡೆ ಒಪ್ಪಿಕೊಂಡರು. ಗುಂಪಿನಿಂದ ಇಬ್ಬರು ದ್ರಾಕ್ಷಿ ಕೆಲಸಕ್ಕೆ ಹೋಗತೊಡಗಿದರು. ನಾನು ವಾರದಲ್ಲಿ ಎರಡು ಬೆಳಿಗ್ಗೆ ಹೋಗಿ, ಉಳಿದವರ ಜೊತೆ ಹೊಲದಲ್ಲಿ ಒಂದೊಂದು ಸೊಪ್ಪಿನ ಒಂದೊಂದು ಗಿಡವನ್ನು ಹೂ ಬಿಡುವವರೆಗೆ ಕಾಯ್ದಿಟ್ಟು ಚಿತ್ರ ತೆಗೆದೆ. ಊರಿನವರು ಅಂದದ್ದನ್ನು ಅಕ್ಕ ಅನ್ನಿಸಿಕೊಂಡರು.

ಮಳೆಗಾಲ ಮುಗಿಯುವ ಮೊದಲು ಒಂದು ಆರ್ಡರು ಬಂತು. ಬೇಳೆ ಸಾರು ಮಾಡಿಕೊಂಡಿದ್ದ ಆ ವಯಸ್ಸಾದವರದು, ಇನ್ನೆರಡು ಮನೆಗಳನ್ನೂ ಸೇರಿಸಿ. ಒಂದು ಷರತ್ತಿತ್ತು: ಬೆರೆಸಬೇಡಿ, ಒಂದೊಂದನ್ನೂ ಬೇರೆ ಬೇರೆ ಕಟ್ಟಿ, ಹೆಸರು ಬರೆದು ಕಳಿಸಿ.

"ಬೆರೆಸ್ದಿದ್ರೆ ಅದು ಬೆರಕೆ ಸೊಪ್ಪು ಹೆಂಗಾಯ್ತದೆ?" ಎಂದರು ಅಕ್ಕ. ಬಿಳಿ ಬಟ್ಟೆಯ ಮೇಲೆ ಪುಟ್ಟ ಕಟ್ಟುಗಳು ಸಾಲಾಗಿದ್ದವು. ಅವರ ಕೈಗಳಿಗೆ ಏನು ಮಾಡಬೇಕೆಂದು ತಿಳಿಯದ ಹಾಗೆ ಕಾಣುತ್ತಿತ್ತು. ಆಮೇಲೆ ಚೀಟಿ ತರಲು ನನಗೆ ಹೇಳಿದರು.

"ಬರಿ. ಅಣ್ಣೆ ಎರಡು ಹಿಡಿ. ಕೀರೆ ಎರಡು ಹಿಡಿ. ಗಣಿಕೆ ಒಂದೇ ಹಿಡಿ, ಹೆಚ್ಚಾದ್ರೆ ಕಹಿಯಾಯ್ತದೆ. ಗೋಣಿ ಅರ್ಧ, ಅದು ಹುಳಿ." ಹೇಳುತ್ತಾ ಹೇಳುತ್ತಾ ಖಾಲಿ ಅಂಗೈಯನ್ನು ಮುಚ್ಚಿ ತೆರೆದು ಅಳೆಯುತ್ತಿದ್ದರು. ನಾನು ಬರೆದುಕೊಂಡೆ.

"ಯಾರ ಹಿಡಿ ಅಂತ ಬರೀಲಿ ಅಕ್ಕ? ಆ ತಾತನ ಕೈ ದೊಡ್ಡದಿರಬಹುದು."

ಅಕ್ಕ ತಮ್ಮ ಅಂಗೈ ನೋಡಿಕೊಂಡರು. "ನನ್ನ ಹಿಡಿ ಅಂತ ಬರಿ. ಸರಿಯಾಗ್ಲಿಲ್ಲ ಅಂದ್ರೆ ಫೋನು ಮಾಡ್ಲಿ."

ಹಾಗೆಯೇ ಬರೆದು, ಕೆಳಗೆ ಅವರ ನಂಬರು ಹಾಕಿದೆ.